ಇಥೆನಾಲ್‌ಗೆ ಬೇಡಿಕೆ ಇದೆ, ಮೆಕ್ಕೆಜೋಳಕ್ಕೆ ಬೆಲೆ ಇಲ್ಲ: ಹಸಿರು ಇಂಧನದ ಲೆಕ್ಕ ಎಲ್ಲಿ ತಪ್ಪುತ್ತಿದೆ?

2025ರ ನವೆಂಬರ್‌ನಲ್ಲಿ ಕರ್ನಾಟಕದ ಪತ್ರಿಕೆಗಳನ್ನು ಓದಿದವರಿಗೆ ಗೊಂದಲವಾಗಿದ್ದರೆ ಅದು ಸಹಜ. ಬೆಳಗಾವಿ ಜಿಲ್ಲೆಯ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ಟನ್‌ಗೆ 3,500 ರೂಪಾಯಿ ಕೊಡಿ ಎಂದು ಹೆದ್ದಾರಿ ತಡೆದು ಕುಳಿತಿದ್ದರು. ಆ ಹೋರಾಟ 3,300 ರೂಪಾಯಿಗೆ ಮುಗಿಯಿತು ಎನ್ನುವಷ್ಟರಲ್ಲಿ ಹಾವೇರಿ, ಗದಗ, ದಾವಣಗೆರೆ ಕಡೆ ಮೆಕ್ಕೆಜೋಳದ ರೈತರು ಬೀದಿಗಿಳಿದರು. ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ ಇದ್ದರೂ ಮಾರುಕಟ್ಟೆಯಲ್ಲಿ 1,600ರಿಂದ 1,800 ರೂಪಾಯಿ ಸಿಕ್ಕರೆ ಹೆಚ್ಚು ಎಂಬ ಸ್ಥಿತಿ. ಇದೇ ಹೊತ್ತಿಗೆ ಕೇಂದ್ರ ಸರ್ಕಾರ, ಪೆಟ್ರೋಲ್‌ಗೆ ಶೇ 20ರಷ್ಟು ಇಥೆನಾಲ್ ಬೆರೆಸುವ ಗುರಿಯನ್ನು ಮೊದಲಿನ ಗಡುವಿಗಿಂತ ಐದು ವರ್ಷ ಮುಂಚೆಯೇ ಮುಟ್ಟಿದ್ದೇವೆ, ಅನ್ನದಾತ ಈಗ ಇಂಧನದಾತನೂ ಆಗಿದ್ದಾನೆ ಎಂದು ಹೇಳುತ್ತಿತ್ತು. ಬಂಕ್‌ನಲ್ಲಿ ಪೆಟ್ರೋಲ್ ಹಾಕಿಸುವವರ ದೂರು ಇನ್ನೊಂದು: ಮೈಲೇಜ್ ಬಿದ್ದಿದೆ, ದರ ಮಾತ್ರ ಇಳಿದಿಲ್ಲ.

ಕಬ್ಬು ಮತ್ತು ಮೆಕ್ಕೆಜೋಳ ಇಥೆನಾಲ್‌ನ ಎರಡು ಮುಖ್ಯ ಕಚ್ಚಾವಸ್ತು. ಇಥೆನಾಲ್ ಬಳಕೆ ಹತ್ತು ವರ್ಷದಲ್ಲಿ ಹತ್ತಾರು ಪಟ್ಟು ಏರಿದೆ. ಹಾಗಿದ್ದ ಮೇಲೆ ಎರಡೂ ಬೆಳೆಯ ರೈತರು ಒಂದೇ ತಿಂಗಳಲ್ಲಿ ಬೆಲೆಗಾಗಿ ಧರಣಿ ಕೂರಬೇಕಾದದ್ದು ಏಕೆ?

ಒಂದೇ ಯೋಜನೆ, ಮೂರು ಗುರಿ

ಪೆಟ್ರೋಲ್‌ಗೆ ಇಥೆನಾಲ್ ಬೆರೆಸುವ ಕಾರ್ಯಕ್ರಮ ಶುರುವಾದದ್ದು 2003ರಲ್ಲಿ. ಹತ್ತು ವರ್ಷ ಅದು ಹೆಚ್ಚುಕಡಿಮೆ ಕಾಗದದ ಮೇಲೇ ಇತ್ತು. 2013-14ರಲ್ಲಿ ಮಿಶ್ರಣದ ಪ್ರಮಾಣ ಶೇ 1.5ರ ಆಸುಪಾಸು. 2018ರ ಜೈವಿಕ ಇಂಧನ ನೀತಿ 2030ರೊಳಗೆ ಶೇ 20 ಎಂದಿತು. 2022ರಲ್ಲಿ ಆ ಗಡುವನ್ನು 2025-26ಕ್ಕೆ ಹಿಂದಕ್ಕೆ ತರಲಾಯಿತು. 2022ರ ಜೂನ್‌ನಲ್ಲಿ ಶೇ 10 ಮುಟ್ಟಿದ್ದು ಮೂರು ವರ್ಷದಲ್ಲಿ ದುಪ್ಪಟ್ಟಾಯಿತು. ಸರ್ಕಾರದ ಯೋಜನೆಗಳಲ್ಲಿ ಇಷ್ಟು ವೇಗವಾಗಿ ಗುರಿ ಮುಟ್ಟಿದವು ವಿರಳ. ಅದನ್ನು ಒಪ್ಪಿಕೊಂಡೇ ಮುಂದಿನ ಮಾತು ಆಡಬೇಕು.

ಈ ವೇಗಕ್ಕೆ ಕೊಡುವ ಕಾರಣ ಮೂರು. ದೇಶಕ್ಕೆ ಬೇಕಾದ ಕಚ್ಚಾತೈಲದಲ್ಲಿ ಶೇ 85ಕ್ಕಿಂತ ಹೆಚ್ಚು ಆಮದಾಗುವುದರಿಂದ ವಿದೇಶಿ ವಿನಿಮಯ ಉಳಿಯಬೇಕು. ಕಬ್ಬಿನ ಬಾಕಿ ಹಣಕ್ಕಾಗಿ ವರ್ಷಗಟ್ಟಲೆ ಅಲೆಯುವ ರೈತರಿಗೆ ಬೇಗ ದುಡ್ಡು ಸಿಗಬೇಕು. ಇಂಗಾಲದ ಹೊಗೆ ಕಡಿಮೆಯಾಗಬೇಕು. ಮೂರೂ ಒಳ್ಳೆಯ ಗುರಿಗಳೇ. ಗೊಂದಲ ಶುರುವಾಗುವುದು ಒಂದರಲ್ಲಿ ಸಿಕ್ಕ ಯಶಸ್ಸನ್ನು ಉಳಿದೆರಡರ ಖಾತೆಗೂ ಬರೆದುಕೊಂಡಾಗ. ಮೊದಲ ಗುರಿಗೆ ಎಷ್ಟು ಲೀಟರ್ ಬೆರೆಸಿದಿರಿ ಎಂಬುದೇ ಅಳತೆ. ಮೂರನೆಯದಕ್ಕೆ ಆ ಲೀಟರ್ ಯಾವುದರಿಂದ ಬಂತು, ಅದಕ್ಕೆ ಎಷ್ಟು ನೆಲ, ನೀರು, ಗೊಬ್ಬರ ಹೋಯಿತು ಎಂಬುದು ಅಳತೆ. ನಮ್ಮಲ್ಲಿ ಶೇ 20 ಎಂಬ ಒಂದೇ ಅಂಕಿ ಎಲ್ಲಕ್ಕೂ ಉತ್ತರ ಕೊಡುತ್ತಿದೆ.

ಕಾಕಂಬಿಯಿಂದ ಕಾಳಿಗೆ

ಇಥೆನಾಲ್‌ನ ಮೊದಲ ರೂಪ ನಿಜಕ್ಕೂ ಮಿತವ್ಯಯದ ಮಾದರಿಯಾಗಿತ್ತು. ಕಬ್ಬು ನುರಿಸಿ, ರಸ ಕಾಯಿಸಿ, ಸಕ್ಕರೆ ಹರಳನ್ನೆಲ್ಲ ತೆಗೆದ ಮೇಲೆ ಕೊನೆಗೆ ಉಳಿಯುವ ಕಪ್ಪು ಕಾಕಂಬಿಗೆ ಉದ್ಯಮದಲ್ಲಿ ‘ಸಿ ಹೆವಿ’ ಎನ್ನುತ್ತಾರೆ. ಇದರಿಂದ ಇನ್ನು ಸಕ್ಕರೆ ತೆಗೆಯುವುದು ಲಾಭವಲ್ಲ. ಒಂದು ಟನ್ ಕಬ್ಬಿನಿಂದ ಬರುವ ಈ ಕಾಕಂಬಿಯಲ್ಲಿ ಹತ್ತು ಲೀಟರ್ ಆಸುಪಾಸು ಇಥೆನಾಲ್ ಸಿಗುತ್ತದೆ. ಸಿಪ್ಪೆ ಉರಿಸಿ ಕಾರ್ಖಾನೆ ತನಗೆ ಬೇಕಾದ ಹಬೆ, ಕರೆಂಟು ಮಾಡಿಕೊಂಡು ಮಿಕ್ಕದ್ದನ್ನು ಗ್ರಿಡ್‌ಗೆ ಮಾರುತ್ತದೆ. ಇದಕ್ಕಾಗಿ ಯಾರೂ ಒಂದು ಗುಂಟೆ ಹೆಚ್ಚು ಕಬ್ಬು ನೆಡಬೇಕಿಲ್ಲ.

ಆದರೆ ಕೊನೆಯ ಕಾಕಂಬಿಯಿಂದಷ್ಟೇ ದೇಶದ ಪೆಟ್ರೋಲ್‌ನ ಐದನೇ ಒಂದು ಪಾಲು ತುಂಬುವುದಿಲ್ಲ. ಗುರಿ ಏರಿದಂತೆ ಕಾರ್ಖಾನೆಗಳು ಒಂದು ಹಂತ ಹಿಂದಕ್ಕೆ ಬಂದವು: ಸ್ವಲ್ಪ ಸಕ್ಕರೆ ಬಿಟ್ಟುಕೊಟ್ಟು ‘ಬಿ ಹೆವಿ’ ಕಾಕಂಬಿ ಬಳಸಿದರು. ಆಮೇಲೆ ಸಕ್ಕರೆಯನ್ನೇ ಮಾಡದೆ ನೇರ ರಸದಿಂದ ಇಥೆನಾಲ್ ತೆಗೆಯಲು ಅನುಮತಿ ಸಿಕ್ಕಿತು. ರಸದಿಂದಾದರೆ ಟನ್ ಕಬ್ಬಿಗೆ ಸುಮಾರು 70 ಲೀಟರ್. ಇದರಲ್ಲಿ ಕಾರ್ಖಾನೆಗಳಿಗೆ ಒಂದು ಸ್ಪಷ್ಟ ಲಾಭವಿತ್ತು. ಸಕ್ಕರೆ ಗೋದಾಮಿನಲ್ಲಿ ತಿಂಗಳುಗಟ್ಟಲೆ ಕೂರುತ್ತದೆ, ಇಥೆನಾಲ್ ಹಣ ತೈಲ ಕಂಪನಿಗಳಿಂದ ಕೆಲವೇ ವಾರಗಳಲ್ಲಿ ಬರುತ್ತದೆ. ಸಕ್ಕರೆಯ ಕನಿಷ್ಠ ಮಾರಾಟ ದರವನ್ನು 2019ರ ಫೆಬ್ರವರಿಯಲ್ಲಿ ಕೆ.ಜಿ.ಗೆ 31 ರೂಪಾಯಿ ಎಂದು ಮಾಡಿದ್ದು. ಆಮೇಲೆ ಕಬ್ಬಿನ ಎಫ್‌ಆರ್‌ಪಿ (ಕಾರ್ಖಾನೆಗಳು ಕೊಡಲೇಬೇಕೆಂದು ಕೇಂದ್ರ ನಿಗದಿ ಮಾಡುವ ಕನಿಷ್ಠ ದರ; ಕಟಾವು, ಸಾಗಣೆ ವೆಚ್ಚವೂ ಇದರಲ್ಲೇ ಸೇರಿದೆ) ಬಹುತೇಕ ಪ್ರತಿವರ್ಷ ಏರಿ 2025-26ಕ್ಕೆ ಟನ್‌ಗೆ 3,550 ರೂಪಾಯಿಗೆ ಬಂದರೂ ಸಕ್ಕರೆಯ ಆ ಕನಿಷ್ಠ ದರ ಕದಲಲಿಲ್ಲ. ಆ ಅಂತರವನ್ನು ಇಥೆನಾಲ್ ತುಂಬುತ್ತದೆ ಎಂಬ ನಂಬಿಕೆಯ ಮೇಲೆ ಸಾಲ ಎತ್ತಿ ಇಥೆನಾಲ್ ತಯಾರಿಸುವ ಡಿಸ್ಟಿಲರಿಗಳು ಎದ್ದವು. ಸಾಲದ ಬಡ್ಡಿಯ ಒಂದು ಪಾಲನ್ನು ಕೇಂದ್ರವೇ ಭರಿಸಿತು.

2023ರಲ್ಲಿ ಮಳೆ ಕೈಕೊಟ್ಟಿತು. ಕರ್ನಾಟಕದಲ್ಲಿ 223 ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾದವು. ಮಹಾರಾಷ್ಟ್ರದಲ್ಲೂ ಕಬ್ಬು ಒಣಗಿತು. ಸಕ್ಕರೆ ಬೆಲೆ ಏರೀತೆಂಬ ಆತಂಕದಲ್ಲಿ ಕೇಂದ್ರ ಸರ್ಕಾರ ಡಿಸೆಂಬರ್ 7ರಂದು ಕಬ್ಬಿನ ರಸದಿಂದ ಇಥೆನಾಲ್ ಮಾಡುವುದನ್ನೇ ತಡೆಯಿತು. ವಾರ ಕಳೆಯುವುದರಲ್ಲಿ 17 ಲಕ್ಷ ಟನ್ ಸಕ್ಕರೆಗೆ ಸಮನಾದಷ್ಟು ಮಾತ್ರ ಬಳಸಬಹುದು ಎಂದು ಸಡಿಲಿಸಿತು. ಗುರಿ ಮಾತ್ರ ಹಾಗೇ ಉಳಿಯಿತು. ಖಾಲಿಯಾದ ಜಾಗಕ್ಕೆ ಬಂದದ್ದು ಮೆಕ್ಕೆಜೋಳ. 2024ರ ಜನವರಿಯಲ್ಲಿ ಮೆಕ್ಕೆಜೋಳದ ಇಥೆನಾಲ್ ದರ ಲೀಟರ್‌ಗೆ 71.86 ರೂಪಾಯಿಗೆ ಏರಿತು, ಎಲ್ಲ ಬಗೆಯ ಇಥೆನಾಲ್‌ಗಿಂತ ಹೆಚ್ಚು.

2025-26ರ ಇಥೆನಾಲ್ ವರ್ಷಕ್ಕೆ (ನವೆಂಬರ್‌ನಿಂದ ಅಕ್ಟೋಬರ್) ತೈಲ ಕಂಪನಿಗಳು ಹಂಚಿಕೆ ಮಾಡಿದ ಸುಮಾರು 1,048 ಕೋಟಿ ಲೀಟರ್‌ನಲ್ಲಿ ಮೆಕ್ಕೆಜೋಳದ ಪಾಲು ಶೇ 45ರಷ್ಟು, ಭಾರತ ಆಹಾರ ನಿಗಮದ ಅಕ್ಕಿಯದು ಶೇ 22. ಕಬ್ಬಿನ ಎಲ್ಲ ರೂಪಗಳೂ ಸೇರಿ ಮೂರನೇ ಒಂದು ಪಾಲಿಗಿಂತ ಕಡಿಮೆ. ಅದರಲ್ಲೂ ನಿಜವಾದ ಉಳಿಕೆಯಾದ ಸಿ ಹೆವಿ ಕಾಕಂಬಿಯದು ಶೇ 1ರ ಆಜುಬಾಜು. ಉಳಿಕೆಯನ್ನು ಬಳಸಿಕೊಳ್ಳಲು ಹುಟ್ಟಿದ ಯೋಜನೆ ಈಗ ಮುಖ್ಯವಾಗಿ ನಡೆಯುತ್ತಿರುವುದು ತಿನ್ನುವ ಕಾಳಿನ ಮೇಲೆ.

ಮೆಕ್ಕೆಜೋಳ ಬಿದ್ದದ್ದು ಹೇಗೆ

71.86 ರೂಪಾಯಿ ದರ ಬಂದ ವರ್ಷ ಮೆಕ್ಕೆಜೋಳದ ಬೆಲೆ ಏರಿತು. ಕೋಳಿ ಸಾಕಣೆಯವರು ಮೇವು ದುಬಾರಿಯಾಯಿತೆಂದು ದೂರಿದರು. ವರ್ಷಕ್ಕೆ ಲಕ್ಷಾಂತರ ಟನ್ ರಫ್ತು ಮಾಡುತ್ತಿದ್ದ ಭಾರತ 2024ರಲ್ಲಿ ಮ್ಯಾನ್ಮಾರ್, ಉಕ್ರೇನ್‌ನಿಂದ ತರಿಸಿಕೊಳ್ಳುವ ದೇಶವಾಯಿತು. ಬೆಲೆ ಕಂಡ ರೈತ ಮುಂದಿನ ಮುಂಗಾರಿನಲ್ಲಿ ಅದನ್ನೇ ಹೆಚ್ಚು ಬಿತ್ತಿದ. ಮಳೆಯೂ ಚೆನ್ನಾಗಿ ಬಂತು. ಕರ್ನಾಟಕದಲ್ಲಿ 50 ಲಕ್ಷ ಟನ್ ಮೀರಿದ ಫಸಲು ಅಕ್ಟೋಬರ್, ನವೆಂಬರ್‌ನಲ್ಲಿ ಒಮ್ಮೆಗೇ ಮಾರುಕಟ್ಟೆಗೆ ಬಂತು.

ಇಲ್ಲಿ ಡಿಸ್ಟಿಲರಿಯ ಲೆಕ್ಕವನ್ನು ಹತ್ತಿರದಿಂದ ನೋಡಬೇಕು. ಒಂದು ಟನ್ ಮೆಕ್ಕೆಜೋಳದಿಂದ ಸುಮಾರು 380 ಲೀಟರ್ ಇಥೆನಾಲ್ ಬರುತ್ತದೆ. ಬೆಂಬಲ ಬೆಲೆಯಲ್ಲಿ, ಅಂದರೆ ಟನ್‌ಗೆ 24,000 ರೂಪಾಯಿ ಕೊಟ್ಟು ಕೊಂಡರೆ ಲೀಟರ್‌ಗೆ ಕಾಳಿನ ಖರ್ಚೇ 63 ರೂಪಾಯಿ. ಮಾರುವ ದರ 71.86. ಉಳಿದ ಒಂಬತ್ತು ರೂಪಾಯಿ ಮತ್ತು ಇಥೆನಾಲ್ ತೆಗೆದ ಮೇಲೆ ಉಳಿಯುವ, ಮೇವಿಗೆ ಮಾರುವ ಹಿಂಡಿಯ ಆದಾಯದಲ್ಲಿ ಉರುವಲು, ಕೂಲಿ, ಬಡ್ಡಿ ಎಲ್ಲ ತೂಗಬೇಕು. ಅದೇ ಕಾಳು 17,000 ರೂಪಾಯಿಗೆ ಸಿಕ್ಕರೆ ಖರ್ಚು 45ಕ್ಕೆ ಇಳಿಯುತ್ತದೆ, 27 ರೂಪಾಯಿ ಉಳಿಯುತ್ತದೆ. ಇಥೆನಾಲ್‌ನ ದರವನ್ನು ಸರ್ಕಾರ ನಿಗದಿ ಮಾಡಿದೆ. ಆ ದರ ಪಡೆಯುವ ಕಾರ್ಖಾನೆ ರೈತನಿಗೆ ಕೊಡಬೇಕಾದ ಬೆಲೆಯನ್ನು ಆಗ ಯಾರೂ ಕಟ್ಟುನಿಟ್ಟು ಮಾಡಿರಲಿಲ್ಲ. ಕಬ್ಬಿಗೆ ಎಫ್‌ಆರ್‌ಪಿ ಎಂಬ ಕಾನೂನಿನ ಹಿಡಿತವಾದರೂ ಇದೆ, ಮೆಕ್ಕೆಜೋಳಕ್ಕೆ ಅದೂ ಇಲ್ಲ. ಬೆಂಬಲ ಬೆಲೆ ಘೋಷಣೆಯಾಗಿತ್ತು, ಖರೀದಿ ಕೇಂದ್ರ ತೆರೆದಿರಲಿಲ್ಲ. ಲಕ್ಷ್ಮೇಶ್ವರದಲ್ಲಿ ರೈತರು ಧರಣಿ ಕೂತದ್ದೂ ಖರೀದಿ ಕೇಂದ್ರಕ್ಕಾಗಿಯೇ.

ಇನ್ನು ಕಾಳಿನ ತೇವ. ಶೇ 14ಕ್ಕಿಂತ ಹೆಚ್ಚು ತೇವವಿದ್ದರೆ ದರಕ್ಕೆ ಕತ್ತರಿ. ಕಟಾವಿನ ಹೊತ್ತಿಗೆ ಹಿಂಗಾರು ಮಳೆ ಹನಿಯುತ್ತಿದ್ದರೆ ರಾಣೆಬೆನ್ನೂರು, ಹರಪನಹಳ್ಳಿ ಕಡೆಯ ರಸ್ತೆಗಳ ಅರ್ಧ ಭಾಗ ಕಾಳು ಹರವುವ ಕಣವಾಗುತ್ತದೆ, ರಾತ್ರಿ ತಾಡಪಾಲು ಹೊದಿಸಿ ಕಾಯಬೇಕು. ಖರೀದಿದಾರ ಚೀಲಕ್ಕೆ ಕೈ ಹಾಕಿ, ಮೀಟರ್ ಇಟ್ಟು 18 ಎಂದರೆ ಮುಂದೆ ಮಾತಿಲ್ಲ. ಡಿಸ್ಟಿಲರಿಗೆ ವರ್ಷವಿಡೀ ಕಾಳು ಬೇಕು, ಒಣಗಿಸಲು ಜಾಗವಿಲ್ಲದ ರೈತ ಆರು ವಾರದಲ್ಲಿ ಎಲ್ಲವನ್ನೂ ಮಾರಬೇಕು. ನಡುವಿನ ತಿಂಗಳುಗಳ ಲಾಭ ಗೋದಾಮು ಇರುವವರ ಪಾಲು. ಇಥೆನಾಲ್ ಹೆಸರಿನಲ್ಲಿ ಡಿಸ್ಟಿಲರಿಗೆ ಬಡ್ಡಿ ರಿಯಾಯಿತಿ ಕೊಟ್ಟ ನೀತಿ ಹೋಬಳಿಗೊಂದು ಒಣಗಿಸುವ ಯಂತ್ರದ ಬಗ್ಗೆ ಅಷ್ಟು ಉತ್ಸಾಹ ತೋರಿಸಿದ್ದರೆ ಅರ್ಧ ತಕರಾರು ಇರುತ್ತಿರಲಿಲ್ಲ.

ಪಡಿತರದ ಅಕ್ಕಿ, ಪೆಟ್ರೋಲ್‌ನ ಅಕ್ಕಿ

ಮೆಕ್ಕೆಜೋಳ ಬೀಳಲು ಇನ್ನೊಂದು ಕಾರಣ ಅಕ್ಕಿ. ಇದು ಕರ್ನಾಟಕದ ಓದುಗರಿಗೆ ವಿಶೇಷವಾಗಿ ಅರ್ಥವಾಗುವ ಕಥೆ.

2023ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಅನ್ನಭಾಗ್ಯಕ್ಕೆ ತಲಾ ಐದು ಕೆ.ಜಿ. ಹೆಚ್ಚುವರಿ ಅಕ್ಕಿ ಬೇಕೆಂದು, ಕೆ.ಜಿ.ಗೆ 34 ರೂಪಾಯಿ ಕೊಡುತ್ತೇವೆಂದು ಕೇಳಿದಾಗ ಕೇಂದ್ರ ರಾಜ್ಯಗಳಿಗೆ ಅಕ್ಕಿ ಮಾರುವುದನ್ನೇ ನಿಲ್ಲಿಸಿತು. ದಾಸ್ತಾನು ಕಾಪಾಡಬೇಕು, ಬೆಲೆ ಹಿಡಿತದಲ್ಲಿರಬೇಕು ಎಂಬುದು ಕೇಂದ್ರದ ವಾದ. ಅದೇ ವರ್ಷದ ಜುಲೈನಲ್ಲಿ ಡಿಸ್ಟಿಲರಿಗಳಿಗೆ ಕೊಡುವುದನ್ನೂ ನಿಲ್ಲಿಸಲಾಯಿತು, ಅದನ್ನು ಮರೆಯುವಂತಿಲ್ಲ. ರಾಜ್ಯ ಅಕ್ಕಿಯ ಬದಲು ತಲಾ 170 ರೂಪಾಯಿ ಕೊಡತೊಡಗಿತು. ಮುಂದೆ ಚೆನ್ನಾಗಿ ಬೆಳೆ ಬಂದು ಗೋದಾಮುಗಳು ತುಂಬಿ ತುಳುಕಿದವು. 2024ರಲ್ಲಿ ಡಿಸ್ಟಿಲರಿಗಳಿಗೆ 28 ರೂಪಾಯಿಗೆ ಕೊಡಲು ಮುಂದಾದರೆ ಕೊಳ್ಳುವವರು ಹೆಚ್ಚು ಸಿಗಲಿಲ್ಲ. 2025ರ ಜನವರಿಯಲ್ಲಿ 22.50ಕ್ಕೆ ಇಳಿಸಲಾಯಿತು, ಆ ದರ ರಾಜ್ಯಗಳಿಗೂ ಸಿಕ್ಕಿತು. ಕರ್ನಾಟಕ ಮತ್ತೆ ಅಕ್ಕಿ ಕೊಳ್ಳತೊಡಗಿದ್ದು ಆಮೇಲೆ. ಭತ್ತ ಕೊಂಡು, ಅಕ್ಕಿ ಮಾಡಿಸಿ, ಸಾಗಿಸಿ, ಕೂಡಿಡಲು ಆಹಾರ ನಿಗಮಕ್ಕೆ ಕೆ.ಜಿ.ಗೆ ತಗಲುವುದು ಹತ್ತಿರ ಹತ್ತಿರ 40 ರೂಪಾಯಿ. ಡಿಸ್ಟಿಲರಿಗೆ ಹೋಗುವ ಪ್ರತಿ ಕೆ.ಜಿ.ಯ ಮೇಲೂ 17 ರೂಪಾಯಿಯಷ್ಟು ಸಹಾಯಧನ ಇದೆ ಎಂದಾಯಿತು. ಅದು ಇಂಧನದ ಲೆಕ್ಕದಲ್ಲಿ ಕಾಣುವುದಿಲ್ಲ, ಆಹಾರ ಸಹಾಯಧನದ ಶೀರ್ಷಿಕೆಯಲ್ಲಿ ಅಡಗಿರುತ್ತದೆ.

ಟನ್ ಅಕ್ಕಿಗೆ ಸುಮಾರು 450 ಲೀಟರ್ ಇಥೆನಾಲ್. 22.50ರ ಅಕ್ಕಿಯಲ್ಲಿ ಲೀಟರ್‌ಗೆ ಕಚ್ಚಾವಸ್ತುವಿನ ಖರ್ಚು 50 ರೂಪಾಯಿ, ಮಾರಾಟ ದರ 60ರ ಆಸುಪಾಸು. ಲಾಭ ಬೆಂಬಲ ಬೆಲೆಯ ಮೆಕ್ಕೆಜೋಳದಷ್ಟೇ, ಆದರೆ ಬೆಲೆ ಏರುಪೇರಿಲ್ಲ, ತೇವದ ರಗಳೆಯಿಲ್ಲ, ವರ್ಷವಿಡೀ ಒಂದೇ ಕಡೆಯಿಂದ ಮಾಲು. ಹೀಗಿರುವಾಗ ಮೆಕ್ಕೆಜೋಳಕ್ಕೆ 2,400 ಕೊಡುವ ಅವಸರ ಯಾರಿಗೆ? ಒಂದು ಇಲಾಖೆ ಮೆಕ್ಕೆಜೋಳ ಬೆಳೆಯಿರಿ ಎಂದು ಹುರಿದುಂಬಿಸುತ್ತಿದ್ದರೆ ಇನ್ನೊಂದು ಇಲಾಖೆ ಅದಕ್ಕೆ ಅಗ್ಗದ ಪ್ರತಿಸ್ಪರ್ಧಿಯನ್ನು ಗೋದಾಮಿನಿಂದ ಹೊರಬಿಡುತ್ತಿತ್ತು.

ಮೈಲೇಜ್ ತಕರಾರು

ವಾಹನ ಮಾಲೀಕರ ದೂರಿನಲ್ಲಿ ಉತ್ಪ್ರೇಕ್ಷೆ ಎಷ್ಟು, ಸತ್ಯ ಎಷ್ಟು? ಒಂದು ಲೀಟರ್ ಇಥೆನಾಲ್‌ನಲ್ಲಿರುವ ಶಕ್ತಿ ಪೆಟ್ರೋಲ್‌ನ ಮೂರನೇ ಎರಡರಷ್ಟು. ಹಾಗಾಗಿ ಶೇ 20 ಮಿಶ್ರಣದಲ್ಲಿ ಶುದ್ಧ ಪೆಟ್ರೋಲ್‌ಗಿಂತ ಶೇ 6ರಿಂದ 7ರಷ್ಟು, ಶೇ 10 ಮಿಶ್ರಣಕ್ಕಿಂತ ಶೇ 3ರಿಂದ 4ರಷ್ಟು ಶಕ್ತಿ ಕಡಿಮೆ. ಇಥೆನಾಲ್‌ನ ಆಕ್ಟೇನ್ (ಎಂಜಿನ್‌ನಲ್ಲಿ ಹೊತ್ತಿಗೆ ಮುಂಚೆ ಹೊತ್ತಿಕೊಳ್ಳದೆ ಒತ್ತಡ ತಾಳುವ ಗುಣ) ಹೆಚ್ಚಿರುವುದರಿಂದ ಅದಕ್ಕೆಂದೇ ಹೊಂದಿಸಿದ ಎಂಜಿನ್ ಈ ನಷ್ಟದ ಒಂದು ಭಾಗವನ್ನು ತುಂಬಿಕೊಳ್ಳುತ್ತದೆ. ನೀತಿ ಆಯೋಗದ 2021ರ ವರದಿಯೇ ಹಳೆಯ ವಿನ್ಯಾಸದ ಕಾರುಗಳಲ್ಲಿ ಶೇ 6-7, ದ್ವಿಚಕ್ರ ವಾಹನಗಳಲ್ಲಿ ಶೇ 3-4ರಷ್ಟು ಇಳಿಕೆ ಅಂದಾಜಿಸಿತ್ತು. ಅರ್ಧಕ್ಕರ್ಧ ಮೈಲೇಜ್ ಹೋಯಿತು ಎಂಬ ವಾಟ್ಸ್ಆ್ಯಪ್ ಮಾತಿಗೆ ಆಧಾರವಿಲ್ಲ, ಏನೂ ಆಗಿಲ್ಲ ಎಂಬ ಮಾತಿಗೂ ಇಲ್ಲ. 2023ರ ಏಪ್ರಿಲ್‌ಗೆ ಮುಂಚಿನ ವಾಹನಗಳಲ್ಲಿ ರಬ್ಬರ್ ಭಾಗಗಳು ಬೇಗ ಸವೆಯಬಹುದು, ಅವನ್ನು ಬದಲಿಸುವುದು ದೊಡ್ಡ ಖರ್ಚಲ್ಲ ಎಂದು ಪೆಟ್ರೋಲಿಯಂ ಸಚಿವಾಲಯ ಹೇಳಿದೆ.

ಜನರ ಸಿಟ್ಟಿಗೆ ನಿಜವಾದ ಕಾರಣ ಆಯ್ಕೆ ಇಲ್ಲದಿರುವುದು. ಅದೇ ವರದಿ, ಹಳೆಯ ವಾಹನಗಳಿಗಾಗಿ ಶೇ 10 ಮಿಶ್ರಣವನ್ನೂ ಬಂಕ್‌ಗಳಲ್ಲಿ ಉಳಿಸಬೇಕು, ಹೆಚ್ಚು ಇಥೆನಾಲ್ ಇರುವ ಇಂಧನಕ್ಕೆ ತೆರಿಗೆ ರಿಯಾಯಿತಿ ಕೊಡಬೇಕು ಎಂದಿತ್ತು. ಎರಡೂ ಆಗಲಿಲ್ಲ. ಆಯ್ಕೆ ಕೇಳಿ ಹಾಕಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಬ್ರೆಜಿಲ್‌ನಲ್ಲಿ 1975ರಿಂದ ಇಥೆನಾಲ್ ಕಾರ್ಯಕ್ರಮವಿದೆ, ಈಗ ಅಲ್ಲಿ ಮಿಶ್ರಣ ಶೇ 30. ಆದರೆ ಅಲ್ಲಿ ಬಹುತೇಕ ಕಾರುಗಳು ಯಾವ ಮಿಶ್ರಣಕ್ಕೂ ಒಗ್ಗುತ್ತವೆ. ಬಂಕ್‌ನಲ್ಲಿ ಬರೀ ಇಥೆನಾಲ್‌ನ ದರ ಪೆಟ್ರೋಲ್‌ನ ಶೇ 70ಕ್ಕಿಂತ ಕಡಿಮೆ ಇದ್ದರೆ ಜನ ಅದನ್ನು ಹಾಕಿಸುತ್ತಾರೆ, ಇಲ್ಲದಿದ್ದರೆ ಬಿಡುತ್ತಾರೆ. ಶಕ್ತಿ ಕಡಿಮೆ ಇರುವ ವಸ್ತುವಿಗೆ ಬೆಲೆಯೂ ಕಡಿಮೆ ಇರಬೇಕು ಎಂಬ ಸರಳ ನ್ಯಾಯ ಅಲ್ಲಿ ಬಂಕ್‌ನ ಬೋರ್ಡಿನಲ್ಲೇ ಕಾಣುತ್ತದೆ. ನಮ್ಮಲ್ಲಿ 2025ರಲ್ಲಿ ಇಥೆನಾಲ್‌ನ ಸರಾಸರಿ ಖರೀದಿ ದರ 71 ರೂಪಾಯಿ ದಾಟಿತ್ತು, ಅದು ಸಂಸ್ಕರಿಸಿದ ಪೆಟ್ರೋಲ್‌ನ ವೆಚ್ಚಕ್ಕಿಂತ ಹೆಚ್ಚು ಎಂದು ಸಚಿವಾಲಯವೇ ಒಪ್ಪಿಕೊಂಡಿತ್ತು. ದರ ಇಳಿಸಲು ಜಾಗವೇ ಇರಲಿಲ್ಲ.

ಹಸಿರು ಎಷ್ಟು ಹಸಿರು?

ನೀತಿ ಆಯೋಗದ ಅಧ್ಯಯನವನ್ನು ಉಲ್ಲೇಖಿಸಿ ಸರ್ಕಾರ ಹೇಳುವುದಿಷ್ಟು: ಪೆಟ್ರೋಲ್‌ಗೆ ಹೋಲಿಸಿದರೆ ಕಬ್ಬಿನ ಇಥೆನಾಲ್‌ನಿಂದ ಹಸಿರುಮನೆ ಅನಿಲ ಶೇ 65, ಮೆಕ್ಕೆಜೋಳದ್ದರಿಂದ ಶೇ 50 ಕಡಿಮೆ. ಎರಡರ ನಡುವಿನ ವ್ಯತ್ಯಾಸವೇ ಕಚ್ಚಾವಸ್ತು ಎಷ್ಟು ಮುಖ್ಯ ಎಂಬುದನ್ನು ಹೇಳುತ್ತದೆ. ಡಿಸ್ಟಿಲರಿ ಸಿಪ್ಪೆ ಉರಿಸುತ್ತದೋ ಕಲ್ಲಿದ್ದಲನ್ನೋ, ಹೊಲಕ್ಕೆ ಎಷ್ಟು ಯೂರಿಯಾ ಬಿತ್ತು, ಹೊಸ ನೆಲ ಉಳುಮೆಗೆ ಬಂತೋ ಎಂಬುದರ ಮೇಲೆ ಈ ಅಂಕಿಗಳು ಮೇಲೆ ಕೆಳಗೆ ಆಗುತ್ತವೆ.

ಯೂರಿಯಾದ ಕಥೆಯನ್ನೇ ನೋಡಿ. ಮೆಕ್ಕೆಜೋಳ ಸಾರಜನಕವನ್ನು ಹೊಟ್ಟೆಬಾಕನಂತೆ ನುಂಗುವ ಬೆಳೆ. 2025ರ ಮುಂಗಾರಿನಲ್ಲಿ ಕರ್ನಾಟಕದಲ್ಲಿ ಯೂರಿಯಾಕ್ಕೆ ಸೊಸೈಟಿಗಳ ಮುಂದೆ ಸಾಲು ನಿಂತಾಗ ರಾಜ್ಯ ಸರ್ಕಾರ ಕೊಟ್ಟ ಕಾರಣಗಳಲ್ಲಿ ಮೆಕ್ಕೆಜೋಳದ ವಿಸ್ತೀರ್ಣ ಏರಿದ್ದೂ ಒಂದು. ಯೂರಿಯಾ ಮಾಡಲು ಬೇಕಾದ ನೈಸರ್ಗಿಕ ಅನಿಲದ ಬಹುಪಾಲು ಆಮದು, ಸಿದ್ಧ ಯೂರಿಯಾವೂ ಹಡಗಿನಲ್ಲಿ ಬರುತ್ತದೆ. ಹೊಲಕ್ಕೆ ಬಿದ್ದ ಯೂರಿಯಾದ ಒಂದಿಷ್ಟು ಪಾಲು ನೈಟ್ರಸ್ ಆಕ್ಸೈಡ್ ಆಗಿ ಹಾರುತ್ತದೆ, ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಬಿಸಿ ಹಿಡಿದಿಡುವ ಅನಿಲ. ತೈಲದ ಆಮದು ತಗ್ಗಿಸಲು ಹೋಗಿ ಅನಿಲದ ಆಮದು ಹೆಚ್ಚಿಸಿಕೊಂಡರೆ ಉಳಿತಾಯದ ಅಂಕಿಯಿಂದ ಅಷ್ಟನ್ನು ಕಳೆಯಬೇಕಲ್ಲವೇ? ಖಾದ್ಯತೈಲಕ್ಕೂ ಇದೇ ಮಾತು. ಡಿಸ್ಟಿಲರಿಗಳಿಂದ ಹೊರಬರುವ ಒಣ ಹಿಂಡಿ ಅಗ್ಗವಾಗಿ ಸಿಗುವುದರಿಂದ ಸೋಯಾ ಹಿಂಡಿಗೆ ಗಿರಾಕಿ ಕಡಿಮೆಯಾಗಿ ಸೋಯಾ ಬೆಲೆ ಜಗ್ಗಿತು. ಬೆಲೆ ಸಿಗದ ರೈತ ಎಣ್ಣೆಕಾಳು ಬಿಟ್ಟು ಮೆಕ್ಕೆಜೋಳಕ್ಕೆ ಬಂದರೆ, ಅರ್ಧಕ್ಕಿಂತ ಹೆಚ್ಚು ಅಡುಗೆ ಎಣ್ಣೆಯನ್ನು ಹೊರಗಿನಿಂದ ತರುವ ದೇಶ ಇನ್ನಷ್ಟು ತರಬೇಕಾಗುತ್ತದೆ.

2014-15ರಿಂದ 2025ರ ಜುಲೈವರೆಗೆ 1.44 ಲಕ್ಷ ಕೋಟಿ ರೂಪಾಯಿಯ ವಿದೇಶಿ ವಿನಿಮಯ ಉಳಿದಿದೆ ಎಂಬುದು ಸರ್ಕಾರದ ಅಂಕಿ. ದೊಡ್ಡ ಮೊತ್ತವೇ. ಒಂದೇ ವರ್ಷದ ಕಚ್ಚಾತೈಲದ ಬಿಲ್ 11 ಲಕ್ಷ ಕೋಟಿ ದಾಟುತ್ತದೆ ಎಂಬುದನ್ನೂ ಪಕ್ಕದಲ್ಲಿಟ್ಟು ನೋಡಬೇಕು.

ನೀರಿನ ವಿಷಯದಲ್ಲಿ ಸರ್ಕಾರದ ದಾಖಲೆಯೇ ಮುಚ್ಚುಮರೆಯಿಲ್ಲದೆ ಮಾತಾಡುತ್ತದೆ. ನೀತಿ ಆಯೋಗದ ಅದೇ 2021ರ ವರದಿ ಪ್ರಕಾರ ಕಬ್ಬಿನಿಂದ ಒಂದು ಲೀಟರ್ ಇಥೆನಾಲ್‌ಗೆ ಸುಮಾರು 2,860 ಲೀಟರ್ ನೀರು ಬೇಕು. ಘಟಪ್ರಭಾ, ಮಲಪ್ರಭಾ ಕಾಲುವೆಗಳ ಕೊನೆಯ ಹೊಲಗಳಿಗೆ ನೀರು ಮುಟ್ಟುವುದಿಲ್ಲ ಎಂಬ ದೂರು ಹಳೆಯದು. ಅದಕ್ಕಿರುವ ಕಾರಣಗಳಲ್ಲಿ ಮೇಲಿನ ಹೊಲಗಳ ಕಬ್ಬೂ ಒಂದು. ಹನಿ ನೀರಾವರಿ ಹಾಕಿದರೆ ಈ ಅಂಕಿ ಗಣನೀಯವಾಗಿ ಇಳಿಯುತ್ತದೆ. ಆದರೆ ಇಥೆನಾಲ್ ದರ ನಿಗದಿಯಲ್ಲಿ ಹನಿ ನೀರಾವರಿಯ ಕಬ್ಬಿಗೂ ಹರಿ ನೀರಿನ ಕಬ್ಬಿಗೂ ನಯಾಪೈಸೆ ವ್ಯತ್ಯಾಸವಿಲ್ಲ.

ಒಂದು ಎಕರೆಯಲ್ಲಿ ಎಷ್ಟು ಕಿಲೋಮೀಟರ್?

ಸಂಪನ್ಮೂಲದ ಮಿತವ್ಯಯವನ್ನು ಅಳೆಯಲು ನನ್ನ ಪ್ರಕಾರ ಒಂದು ಪ್ರಶ್ನೆ ಸಾಕು: ಒಂದು ಎಕರೆ ನೆಲದಿಂದ ವರ್ಷಕ್ಕೆ ಒಂದು ಕಾರು ಎಷ್ಟು ದೂರ ಓಡುತ್ತದೆ? ಇದು ಒರಟು ಲೆಕ್ಕ, ಹತ್ತಿಪ್ಪತ್ತು ಪರ್ಸೆಂಟ್ ಆಚೀಚೆ ಆದರೂ ತೀರ್ಮಾನ ಬದಲಾಗುವುದಿಲ್ಲ.

ಮಳೆಯಾಶ್ರಿತ ಎಕರೆಯಲ್ಲಿ 13 ಕ್ವಿಂಟಲ್ ಮೆಕ್ಕೆಜೋಳ ಬಂತೆನ್ನಿ. ಅದರಿಂದ 500 ಲೀಟರ್ ಇಥೆನಾಲ್. ಪೆಟ್ರೋಲ್‌ನಲ್ಲಿ 15 ಕಿ.ಮೀ. ಕೊಡುವ ಕಾರು ಇದರಲ್ಲಿ 10 ಕಿ.ಮೀ. ಕೊಟ್ಟರೆ ವರ್ಷಕ್ಕೆ 5,000 ಕಿ.ಮೀ. ನೀರಾವರಿಯ ಎಕರೆಯಲ್ಲಿ 40 ಟನ್ ಕಬ್ಬು ಬೆಳೆದು ಪೂರ್ತಿ ರಸವನ್ನೂ ಇಥೆನಾಲ್ ಮಾಡಿದರೆ 28,000 ಕಿ.ಮೀ. ಈಗ ಪಾವಗಡಕ್ಕೆ ಬನ್ನಿ. ಅಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ವಿದ್ಯುತ್ ಇದೆ. ಎಕರೆಗೆ 150 ಕಿಲೋವಾಟ್ ಮೇಲೆ, ವರ್ಷಕ್ಕೆ ಎರಡೂವರೆ ಲಕ್ಷ ಯೂನಿಟ್‌ನಷ್ಟು. ಯೂನಿಟ್‌ಗೆ 6 ಕಿ.ಮೀ. ಓಡುವ ವಿದ್ಯುತ್ ಕಾರಿಗೆ ಅದು 15 ಲಕ್ಷ ಕಿ.ಮೀ. ಸಾಗಣೆ, ಬ್ಯಾಟರಿಯಲ್ಲಿ ಮೂರನೇ ಒಂದು ಪಾಲು ಸೋರಿಹೋಯಿತೆಂದರೂ 10 ಲಕ್ಷ. ಮೆಕ್ಕೆಜೋಳದ ಇನ್ನೂರು ಪಟ್ಟು, ಅದೂ ಮಳೆ ನೆಚ್ಚಿ ಎರಡು ವರ್ಷಕ್ಕೊಮ್ಮೆ ಕೈಸುಡುತ್ತಿದ್ದ ನೆಲದಲ್ಲಿ.

ಈ ಲೆಕ್ಕವನ್ನು ಎತ್ತಿಹಿಡಿದು ಇಥೆನಾಲ್ ಬೇಡವೇ ಬೇಡ ಎನ್ನುವವರಿದ್ದಾರೆ. ಅವರ ವಾದಕ್ಕೂ ತೊಡಕುಗಳಿವೆ. ದೇಶದಲ್ಲಿ ಓಡುತ್ತಿರುವ ಕೋಟ್ಯಂತರ ಪೆಟ್ರೋಲ್ ಬೈಕುಗಳು ನಾಳೆಯೇ ಬ್ಯಾಟರಿಗೆ ಬದಲಾಗುವುದಿಲ್ಲ. ಗ್ರಿಡ್‌ನ ಬಹುಪಾಲು ವಿದ್ಯುತ್ ಇನ್ನೂ ಕಲ್ಲಿದ್ದಲಿನದು. ಬ್ಯಾಟರಿಗೆ ಬೇಕಾದ ಖನಿಜ, ಕೋಶಗಳಿಗೆ ಚೀನಾವನ್ನು ನೆಚ್ಚಿರುವುದು ಇನ್ನೊಂದು ಅವಲಂಬನೆ. ಪಾವಗಡದಲ್ಲಿಯೂ ಎಲ್ಲ ಸುಸೂತ್ರವಲ್ಲ. ನೆಲವನ್ನು ಕೊಳ್ಳದೆ ಗುತ್ತಿಗೆಗೆ ಪಡೆದದ್ದರಿಂದ ಮಾಲೀಕರಿಗೆ ವರ್ಷಕ್ಕೆ ಎಕರೆಗೆ 21,000 ರೂಪಾಯಿಯಿಂದ ಶುರುವಾದ ಬಾಡಿಗೆ ಸಿಗುತ್ತದೆ. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ, ಕುರಿ ಮೇಯಿಸುತ್ತಿದ್ದ ಭೂರಹಿತರಿಗೆ ಬಾಡಿಗೆಯೂ ಇಲ್ಲ, ಕೆಲಸವೂ ಇಲ್ಲ.

ಆದ್ದರಿಂದ ಇಥೆನಾಲ್ ಬೇಕೋ ಬೇಡವೋ ಎಂಬುದಕ್ಕಿಂತ ಯಾವ ಇಥೆನಾಲ್, ಎಷ್ಟು, ಎಲ್ಲಿಯವರೆಗೆ ಎಂಬ ಪ್ರಶ್ನೆಗಳಿಗೆ ತೂಕ ಹೆಚ್ಚು.

ಕಟ್ಟಿದ ಕಾರ್ಖಾನೆಗಳ ಒತ್ತಡ

ಈ ಪ್ರಶ್ನೆಗಳನ್ನು ಶಾಂತವಾಗಿ ಚರ್ಚಿಸಲು ಈಗ ಅಡ್ಡಿಯಾಗಿರುವುದು ಅತಿಯಾಗಿ ಬೆಳೆದ ಸಾಮರ್ಥ್ಯ. 2025-26ಕ್ಕೆ ಡಿಸ್ಟಿಲರಿಗಳು ಪೂರೈಸುತ್ತೇವೆಂದು ಮುಂದೆ ಬಂದದ್ದು 1,776 ಕೋಟಿ ಲೀಟರ್, ಹಂಚಿಕೆಯಾದದ್ದು 1,048 ಕೋಟಿ. ಕಬ್ಬಿನ ಹೋರಾಟದ ನಡುವೆ ಮುಖ್ಯಮಂತ್ರಿ ಸಿದ್ದರಾಮಯ್ಯ ಪ್ರಧಾನಿಗೆ ಬರೆದ ಪತ್ರದಲ್ಲಿ ಕರ್ನಾಟಕಕ್ಕೆ 270 ಕೋಟಿ ಲೀಟರ್ ಸಾಮರ್ಥ್ಯವಿದ್ದರೂ 47 ಕೋಟಿ ಲೀಟರ್ ಮಾತ್ರ ಸಿಕ್ಕಿದೆ ಎಂದು ಆಕ್ಷೇಪಿಸಿದ್ದರು. ಕೇಂದ್ರ ಆಹಾರ ಸಚಿವ ಪ್ರಲ್ಹಾದ ಜೋಶಿ ಈ ಲೆಕ್ಕವನ್ನು ಒಪ್ಪಲಿಲ್ಲ, ಎಲ್ಲ ಕಚ್ಚಾವಸ್ತುಗಳನ್ನೂ ಸೇರಿಸಿದರೆ ರಾಜ್ಯದ ಪಾಲು ಇನ್ನೂ ಹೆಚ್ಚು ಎಂಬುದು ಅವರ ಉತ್ತರ. ಯಾರ ಅಂಕಿ ಹಿಡಿದರೂ ಕನಿಷ್ಠ ಅರ್ಧದಷ್ಟು ಸಾಮರ್ಥ್ಯಕ್ಕೆ ಕೆಲಸವಿಲ್ಲ ಎಂಬುದು ನಿಜ.

ಕೆಲಸವಿಲ್ಲದ ಕಾರ್ಖಾನೆ ಸಾಲದ ಕಂತು ಕಟ್ಟಲಾರದು, ರೈತನಿಗೆ ಹೆಚ್ಚು ಬೆಲೆ ಕೊಡಲಾರದು. ಹಾಗಾಗಿ ಉದ್ಯಮದ ಬೇಡಿಕೆ ಮಿಶ್ರಣವನ್ನು ಶೇ 27ಕ್ಕೆ ಏರಿಸಿ ಎಂದು. ರೈತ ಸಂಘಟನೆಗಳಿಗೂ ಇದು ಹಿತವೆನಿಸುತ್ತದೆ. ಆದರೆ ಹಿಂದಿನ ಏರಿಕೆಯಲ್ಲಿ ಆದದ್ದೇನು ಎಂದು ಮೇಲೆ ನೋಡಿದ್ದೇವೆ: ಉಳಿಕೆ ಖಾಲಿಯಾದ ಮೇಲೆ ಹೆಚ್ಚುವರಿ ಲೀಟರ್ ಬಂದದ್ದು ರಸದಿಂದ, ಕಾಳಿನಿಂದ, ಅಕ್ಕಿಯಿಂದ. ಶೇ 27ಕ್ಕೆ ಬೇಕಾದ ಮಾಲು ಬೇರೆಲ್ಲಿಂದಲೋ ಬರುತ್ತದೆ ಎನ್ನಲು ಸದ್ಯಕ್ಕೆ ಕಾರಣ ಕಾಣುತ್ತಿಲ್ಲ. ಹುಲ್ಲು, ಬಿದಿರಿನಿಂದ ತೆಗೆಯುವ ಎರಡನೇ ತಲೆಮಾರಿನ ಇಥೆನಾಲ್ ಈ ಜಾಗ ತುಂಬಬೇಕಿತ್ತು. ಪಾಣಿಪತ್‌ನಲ್ಲಿ 2022ರಲ್ಲಿ ಉದ್ಘಾಟನೆಯಾದ, 900 ಕೋಟಿ ರೂಪಾಯಿ ಮೀರಿದ ಘಟಕದ ಸಾಮರ್ಥ್ಯವೇ ವರ್ಷಕ್ಕೆ 3 ಕೋಟಿ ಲೀಟರ್. 1,048 ಕೋಟಿಯ ಎದುರು ಅದು ಲೆಕ್ಕಕ್ಕೇ ಬರುವುದಿಲ್ಲ.

ಊರುಗಳ ವಿರೋಧವೂ ಬೆಳೆಯುತ್ತಿದೆ. 2021ರ ಬದಲಾವಣೆಗಳ ನಂತರ ಇಥೆನಾಲ್ ಘಟಕಗಳು ಸಾರ್ವಜನಿಕ ಅಹವಾಲು ಇಲ್ಲದೆ ಪರಿಸರ ಅನುಮತಿ ಪಡೆಯುವುದು ಸುಲಭವಾಯಿತು. ಪಂಜಾಬಿನ ಜೀರಾದಲ್ಲಿ ಅಂತರ್ಜಲ ಕೆಟ್ಟಿತೆಂದು, ರಾಜಸ್ಥಾನದ ಹನುಮಾನಗಢ ಜಿಲ್ಲೆಯಲ್ಲಿ ಕೆಡಬಹುದೆಂದು ಜನ ಬೀದಿಗಿಳಿದರು. ಮೊದಲೇ ಕೂತು ಮಾತಾಡುವ ಬಾಗಿಲು ಮುಚ್ಚಿದರೆ ಮಾತು ಬೀದಿಗೆ ಬರುತ್ತದೆ.

ಮುಂದೆ ಆಗಬಹುದಾದದ್ದು

ಮಿಶ್ರಣವನ್ನು ಶೇ 20ರಲ್ಲೇ ನಿಲ್ಲಿಸಿದರೆ ಒಂದಿಷ್ಟು ಧಾನ್ಯ ಆಧಾರಿತ ಡಿಸ್ಟಿಲರಿಗಳು ಮುಚ್ಚುತ್ತವೆ, ಬ್ಯಾಂಕುಗಳಿಗೆ ಬಿಸಿ ತಟ್ಟುತ್ತದೆ. ಆ ನೋವು ನಿಜ, ಆದರೆ ಅದು ಒಮ್ಮೆಯದು. ಏರಿಸಿದರೆ ಮೆಕ್ಕೆಜೋಳಕ್ಕೆ ಎರಡು ಮೂರು ವರ್ಷ ಬೆಲೆ ಬರಬಹುದು, ಅದರ ಹಿಂದೆಯೇ ವಿಸ್ತೀರ್ಣ, ಯೂರಿಯಾ, ಕೋಳಿ ಮೇವಿನ ದರ ಏರುತ್ತವೆ, ಮತ್ತೆ ಹೊಸ ಡಿಸ್ಟಿಲರಿಗಳು ಏಳುತ್ತವೆ. ನಡುವಿನ ದಾರಿಯೂ ಇದೆ. ಖರೀದಿ ದರವನ್ನು ಉಳಿಕೆಗೆ ಹೆಚ್ಚು, ಕಾಳಿಗೆ ಕಡಿಮೆ ಎಂದು ತಿರುಗಿಸುವುದು; ಈಗ ಸಿ ಹೆವಿ ಕಾಕಂಬಿಯ ಇಥೆನಾಲ್‌ಗೆ 58 ರೂಪಾಯಿಗಿಂತ ಕಡಿಮೆ, ಮೆಕ್ಕೆಜೋಳದ್ದಕ್ಕೆ 72 ಸಿಗುತ್ತಿರುವುದು ಉಲ್ಟಾ ಸಂದೇಶ ಕೊಡುತ್ತಿದೆ. ಇಥೆನಾಲ್ ಗುತ್ತಿಗೆ ಪಡೆಯುವ ಘಟಕ ಬೆಂಬಲ ಬೆಲೆಗೆ ಕೊಂಡ ರಸೀದಿ ತೋರಿಸಬೇಕೆಂಬ ಷರತ್ತು ಹಾಕುವುದು ಇನ್ನೊಂದು. ಅದು ಬಂದರೆ ಕೆಲವು ಘಟಕಗಳಿಗೆ ಗಿಟ್ಟುವುದಿಲ್ಲ, ತೈಲ ಕಂಪನಿಗಳು ಹೆಚ್ಚು ದರ ಕೊಡಬೇಕಾಗುತ್ತದೆ ಅಥವಾ ಮಿಶ್ರಣ ಇಳಿಸಬೇಕಾಗುತ್ತದೆ. ಹಾಗೆ ಆದಾಗ ಈ ಇಂಧನದ ನಿಜವಾದ ಬೆಲೆ ಎಷ್ಟೆಂಬುದು ಕಾಣುತ್ತದೆ. ಸದ್ಯ ಅದನ್ನು ಅರ್ಧ ರೈತ, ಅರ್ಧ ಆಹಾರ ಸಹಾಯಧನ ಹೊತ್ತುಕೊಂಡಿವೆ.

ಬರದ ವರ್ಷಕ್ಕೆ ನಿಯಮ ಬೇಕು ಎಂಬುದು ಎಲ್ಲಕ್ಕಿಂತ ತುರ್ತಿನ ಮಾತು. 2018ರ ನೀತಿಯಲ್ಲಿ ಧಾನ್ಯ ಹೆಚ್ಚುವರಿಯೋ ಅಲ್ಲವೋ ಎಂದು ತೀರ್ಮಾನಿಸುವುದು ರಾಷ್ಟ್ರೀಯ ಜೈವಿಕ ಇಂಧನ ಸಮನ್ವಯ ಸಮಿತಿ. ಮಳೆ ಇಷ್ಟು ಕಡಿಮೆಯಾದರೆ, ದಾಸ್ತಾನು ಇಷ್ಟಕ್ಕೆ ಇಳಿದರೆ ಮಿಶ್ರಣ ತಾನಾಗಿ ಇಷ್ಟು ಇಳಿಯಬೇಕು ಎಂದು ಮೊದಲೇ ಬರೆದಿಟ್ಟಿದ್ದರೆ ರೈತ ಬಿತ್ತುವ ಮೊದಲೇ ಅಂದಾಜು ಮಾಡಿಕೊಳ್ಳಬಹುದಿತ್ತು, ಡಿಸ್ಟಿಲರಿ ಸಾಲ ಎತ್ತುವ ಮುಂಚೆ ಯೋಚಿಸುತ್ತಿತ್ತು. 2023ರ ಡಿಸೆಂಬರ್‌ನಲ್ಲಿ ಆದಂತೆ ನುರಿಸುವ ಹಂಗಾಮು ನಡೆದಿರುವಾಗಲೇ ರಾತ್ರೋರಾತ್ರಿ ಆದೇಶ ಬಂದರೆ ಆಗ ಹೊಲದಲ್ಲಿ ನಿಂತಿರುವ ಬೆಳೆಯ ಮೇಲೇ ಅದರ ಏಟು ಬೀಳುತ್ತದೆ.